ಮರದ ರಾಜದಂಡದ ರಾಣಿ

ವಿಸ್ತುಲಾ ನದಿ ಬಳುಕಿ ಹರಿಯುವ ಕಡೆ, ದಡದ ಮಗ್ಗುಲಲ್ಲೇ ಸುಣ್ಣಕಲ್ಲಿನ ಗುಡ್ಡವೊಂದು ತಲೆಯೆತ್ತಿ ನಿಂತಿದೆ. ಅದೇ ವಾವೆಲ್. ಪೋಲೆಂಡಿನ ಹಳೆಯ ರಾಜಧಾನಿ ಕ್ರಾಕೋವ್‌ಗೆ ನೆತ್ತಿಯಿದ್ದಂತೆ. ಮೇಲಿನ ಕೆಥೆಡ್ರಲ್‌ನಲ್ಲಿ, ಬಿಳಿ ಅಮೃತಶಿಲೆಯ ಹಾಸಿನ ಮೇಲೆ ಯುವತಿಯೊಬ್ಬಳು ಕೈಜೋಡಿಸಿ ಮಲಗಿದ್ದಾಳೆ. 1902ರಲ್ಲಿ ಶಿಲ್ಪಿ ಆಂಟೋನಿ ಮದೇಯ್ಸ್ಕಿ ಕಡೆದ ರಾಣಿ ಯಾದ್ವಿಗಾಳ ಪ್ರತಿಮೆ ಅದು. ಅಲ್ಲೇ ಗಾಜಿನ ಹಿಂದೆ ಒಂದು ರಾಜದಂಡ, ಒಂದು ಗೋಳ. ಎರಡೂ ಮರದವು, ಮೇಲೆ ಬಂಗಾರದ ಲೇಪ. 1949ರಲ್ಲಿ ಗೋರಿ ತೆರೆದಾಗ ಸಿಕ್ಕಿದ್ದು ಇವೇ. ಎರಡು ರಾಜ್ಯಗಳನ್ನು ಬೆಸೆದವಳ ಪಾಲಿಗೆ ಉಳಿದದ್ದು ಮರದ ಅಧಿಕಾರಚಿಹ್ನೆ!

ಹಂಗೇರಿಯ ದೊರೆ ಲೂಯಿಯ ಕಿರಿಮಗಳು ಯಾದ್ವಿಗಾ. ಲೂಯಿ ಪೋಲೆಂಡಿಗೂ ದೊರೆ. ಅವನು ತೀರಿಕೊಂಡ ಮೇಲೆ ಪೋಲೆಂಡಿನ ಸರದಾರರು ಈ ಮಗುವನ್ನು ಕರೆಸಿಕೊಂಡರು. 1384ರ ಅಕ್ಟೋಬರ್ 16ರಂದು ಇದೇ ಗುಡ್ಡದ ಮೇಲೆ ಕಿರೀಟ ಧರಿಸಿದಾಗ ಅವಳಿಗೆ ಹತ್ತೇ ವರ್ಷ. ಯಾವ ರಾಜನ ಮಡದಿಯಾಗಿಯೂ ಅಲ್ಲ, ಸ್ವತಃ ಆಳುವ ದೊರೆಯಾಗಿ.

ನಾಲ್ಕನೇ ವಯಸ್ಸಿನಲ್ಲೇ ಆಸ್ಟ್ರಿಯದ ರಾಜಕುಮಾರ ವಿಲ್ಹೆಲ್ಮ್‌ನೊಂದಿಗೆ ಅವಳ ಸಂಬಂಧ ಗೊತ್ತಾಗಿತ್ತು. ಸರದಾರರ ಕಣ್ಣು ಮಾತ್ರ ಉತ್ತರದ ಕಡೆಗಿತ್ತು. ಅಲ್ಲಿ ಲಿಥುವೇನಿಯದ ಮಹಾರಾಜ ಯೋಗೈಲಾ. ಯುರೋಪಿನಲ್ಲಿ ಹಳೆಯ ಬಹುದೇವತಾರಾಧನೆಯಲ್ಲೇ ಉಳಿದಿದ್ದ ಕಡೆಯ ರಾಜ್ಯ ಅವನದು. ಟ್ಯೂಟಾನಿಕ್ ಪಂಥದ ಜರ್ಮನ್ ಯೋಧರು ಎರಡೂ ನಾಡುಗಳಿಗೆ ಸಮಾನ ಶತ್ರು. 1385ರ ಆಗಸ್ಟ್ 14ರಂದು ಕ್ರೇವೊ ಕೋಟೆಯಲ್ಲಿ ಕರಾರು ಬರೆಯಲಾಯಿತು: ಯೋಗೈಲಾ ಜ್ಞಾನಸ್ನಾನ ಪಡೆಯಬೇಕು, ತನ್ನ ನಾಡನ್ನು ಪೋಲೆಂಡಿನ ಕಿರೀಟಕ್ಕೆ ಸೇರಿಸಬೇಕು, ಮುರಿದುಬಿದ್ದ ಸಂಬಂಧಕ್ಕೆ ಪರಿಹಾರವಾಗಿ 2,00,000 ಫ್ಲಾರಿನ್ ಕಟ್ಟಿಕೊಡಬೇಕು.

ಹುಡುಗಿಯ ಮನಸ್ಸನ್ನು ಕೇಳಿದವರಾರು? ತನ್ನನ್ನು ಅರಸಿ ಕ್ರಾಕೋವ್‌ಗೆ ಬಂದ ವಿಲ್ಹೆಲ್ಮ್‌ನನ್ನು ಕಾಣಲು ಅವಳು ಕೊಡಲಿ ಹಿಡಿದು ಕೋಟೆಯ ಬಾಗಿಲನ್ನೇ ಒಡೆಯಹೊರಟಳೆಂದು ಪ್ರತೀತಿ. ಬಾಗಿಲು ತೆರೆಯಲಿಲ್ಲ. 1386ರ ಫೆಬ್ರವರಿ 15ರಂದು ಯೋಗೈಲಾ ಕ್ರೈಸ್ತನಾದ. 18ರಂದು, ಹನ್ನೆರಡರ ಬಾಲೆಯ ಮದುವೆ ತನಗಿಂತ ಎಷ್ಟೋ ಹಿರಿಯನಾದ ಅವನೊಂದಿಗೆ ನಡೆದುಹೋಯಿತು. ಮಾರ್ಚ್ 4ರಂದು ಅವನ ತಲೆಗೂ ಕಿರೀಟ ಬಂತು.

ಅಲ್ಲಿಗೆ ಅವಳ ಕಥೆ ಮುಗಿಯಲಿಲ್ಲ. ಮರುವರ್ಷವೇ ಸೈನ್ಯದೊಡನೆ ಹೊರಟು ಹಾಲಿಚ್ ಸೀಮೆಯನ್ನು ಮತ್ತೆ ಪೋಲೆಂಡಿನ ಸುಪರ್ದಿಗೆ ತಂದಳು. ಲಿಥುವೇನಿಯದ ವಿದ್ಯಾರ್ಥಿಗಳಿಗೆಂದು ಪ್ರಾಗ್‌ನಲ್ಲಿ ವಿದ್ಯಾಲಯವೊಂದನ್ನು ಸ್ಥಾಪಿಸಿದಳು. ಕ್ರಾಕೋವ್‌ನಲ್ಲಿ 1364ರಲ್ಲಿ ಹುಟ್ಟಿ ಸೊರಗಿಹೋಗಿದ್ದ ವಿಶ್ವವಿದ್ಯಾಲಯಕ್ಕೆ ಜೀವ ತುಂಬುವ ಆಸೆ ಅವಳದಾಗಿತ್ತು. 1399ರ ಜೂನ್ 22ರಂದು ಹೆಣ್ಣುಮಗು ಹುಟ್ಟಿತು. ಮೂರು ವಾರದಲ್ಲಿ ಕೂಸು ಕಣ್ಮುಚ್ಚಿತು. ಜುಲೈ 17ರಂದು ತಾಯಿಯೂ ಹೊರಟುಹೋದಳು. ಇಪ್ಪತ್ತೈದರ ಹರೆಯ. ಮೈಮೇಲಿನ ಒಡವೆಗಳನ್ನು ಆ ವಿಶ್ವವಿದ್ಯಾಲಯಕ್ಕೇ ಬರೆದಿಟ್ಟಿದ್ದಳು. ಗೋರಿಯೊಳಗೆ ಮರದ ರಾಜದಂಡ ಏಕೆ ಎಂದು ಕೇಳಿದರೆ ಪೋಲೆಂಡಿನ ಜನ ಇಂದಿಗೂ ಈ ದಾನವನ್ನೇ ನೆನೆಯುತ್ತಾರೆ.

1400ರಲ್ಲಿ ವಿಶ್ವವಿದ್ಯಾಲಯ ಮತ್ತೆ ಬಾಗಿಲು ತೆರೆಯಿತು. ಕೆಂಪು ಇಟ್ಟಿಗೆಯ ಕಮಾನುಗಳು ಸುತ್ತುವರಿದ ಅದರ ಹಳೆಯ ಅಂಗಳ ಗುಡ್ಡದಿಂದ ನಡಿಗೆಯ ದೂರದಲ್ಲೇ ಇದೆ. 1491ರಲ್ಲಿ ಇಲ್ಲಿಗೆ ಓದಲು ಬಂದವರಲ್ಲಿ ಕೋಪರ್ನಿಕಸ್ ಕೂಡ ಒಬ್ಬ.

ಕೂಡಿದ ಎರಡು ನಾಡುಗಳು 1410ರಲ್ಲಿ ಗ್ರುನ್‌ವಾಲ್ಡ್‌ನಲ್ಲಿ ಟ್ಯೂಟಾನಿಕ್ ಯೋಧರನ್ನು ಸೋಲಿಸಿದವು. 1569ರಲ್ಲಿ ಒಂದೇ ಒಕ್ಕೂಟವಾದವು. ರಾಜವಂಶಕ್ಕೂ ವಿಶ್ವವಿದ್ಯಾಲಯಕ್ಕೂ ಉಳಿದದ್ದು ಗಂಡನ ಹೆಸರು: ಯಾಗಿಯೆಲೋನಿಯನ್. 1997ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಕ್ರಾಕೋವ್‌ನಲ್ಲೇ ಅವಳನ್ನು ಸಂತಳೆಂದು ಸಾರಿದರು. ಅವಳ ದೊಡ್ಡತನಕ್ಕೆ ಇನ್ನೂ ಒಂದು ಸಾಕ್ಷಿಯುಂಟು. ಮದುವೆಯನ್ನು ಗೊತ್ತುಮಾಡಿದವರು ಹಿರಿಯರು. ಅದು ಕಟ್ಟಿದ ಒಕ್ಕೂಟ 1795ರಲ್ಲಿ ನಕಾಶೆಯಿಂದ ಅಳಿಸಿಹೋಯಿತು. ಒಡವೆ ಕೊಡುವ ನಿರ್ಧಾರ ಮಾತ್ರ ಅವಳದೇ. ಅದರಿಂದ ಎದ್ದು ನಿಂತ ವಿಶ್ವವಿದ್ಯಾಲಯದಲ್ಲಿ ಪಾಠ ಇಂದಿಗೂ ನಡೆಯುತ್ತಿದೆ.