ನಾಯಕತ್ವ: ತಪ್ಪನ್ನು ಒಪ್ಪಿಕೊಂಡು ಒಟ್ಟಿಗೆ ಬೆಳೆಯುವ ಬಗೆ



ಸಿಂಧನೂರಿನಿಂದ ರಾಯಚೂರಿಗೆ ಹೋಗುವ ದಾರಿಯಲ್ಲಿ ಜವಳಗೇರಾ ಎಂಬ ಊರಿದೆ. ಅದು ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ. ಭತ್ತದ ಗದ್ದೆಗಳು ಅಲ್ಲಿವೆ, ಬೀಜೋತ್ಪಾದನೆಯ ದೊಡ್ಡ ಕೃಷಿಕ್ಷೇತ್ರವೂ ಇದೆ. ಇಂತಹ ಊರಿನ ಶಾಲೆಯಲ್ಲಿ ಪ್ರತಿ ವರ್ಷ ಶಾಲಾ ಸಂಸತ್ತಿನ ಚುನಾವಣೆ ನಡೆಯುತ್ತದೆ. ಒಬ್ಬ ಮುಖ್ಯಮಂತ್ರಿ, ಒಬ್ಬ ಶಿಕ್ಷಣ ಮಂತ್ರಿ, ಒಬ್ಬ ಆರೋಗ್ಯ ಮಂತ್ರಿ ಆಯ್ಕೆಯಾಗುತ್ತಾರೆ. ಕಾಲೇಜಿಗೆ ಬಂದರೆ ರಾಷ್ಟ್ರೀಯ ಸೇವಾ ಯೋಜನೆಯ ಘಟಕವಿರುತ್ತದೆ. ಅಲ್ಲಿ ತಂಡದ ನಾಯಕ, ನಾಯಕಿ ಇರುತ್ತಾರೆ. ಇವೆಲ್ಲ ನಾಯಕತ್ವವನ್ನು ಕಲಿಸುವ ವ್ಯವಸ್ಥೆಗಳು.

ಆದರೆ ಅಲ್ಲಿ ನಾವು ಕಲಿಯುವುದೇನು? ವೇದಿಕೆಯ ಮೇಲೆ ನಿಂತು ಮಾತನಾಡುವುದನ್ನು ಕಲಿಯುತ್ತೇವೆ, ಹಾರ ಹಾಕಿಸಿಕೊಳ್ಳುವುದನ್ನೂ ಕಲಿಯುತ್ತೇವೆ. ಕೈಗೊಂಡ ಕೆಲಸ ಕೆಟ್ಟಾಗ ಏನು ಮಾಡಬೇಕೆಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ನಿಜವಾದ ನಾಯಕತ್ವದ ಪರೀಕ್ಷೆ ನಡೆಯುವುದು ಅಲ್ಲಿಯೇ. ಈ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ಮಸ್ಕಿಯ ಬಂಡೆ ಹೇಳುವುದೇನು?

ಜವಳಗೇರಾದ ನೆರೆಯ ಸೀಮೆಯಲ್ಲೇ ಮಸ್ಕಿ ಇದೆ. 1915ರಲ್ಲಿ ಇಲ್ಲಿ ದೊರೆತ ಶಾಸನವು ಭಾರತದ ಇತಿಹಾಸಕ್ಕೆ ಒಂದು ದೊಡ್ಡ ಬೆಳಕು ನೀಡಿತು. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಕಾಣುತ್ತಿದ್ದವು. ಮಸ್ಕಿಯ ಬಂಡೆಯಲ್ಲಿ ಅಶೋಕ ಎಂಬ ಹೆಸರೇ ಇತ್ತು. ಇದನ್ನು ನೀವು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಶಾಸನದ ಒಳಗಿನ ಮಾತನ್ನು ಮಾತ್ರ ಎಷ್ಟೋ ಮಂದಿ ಗಮನಿಸುವುದಿಲ್ಲ.

ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತೆಂದು ಅರಸನು ಅಲ್ಲಿ ಹೇಳುತ್ತಾನೆ. ಇದೇ ಶಾಸನದ ಇನ್ನೊಂದು ಪ್ರತಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ. ಮೊದಲ ಒಂದು ವರ್ಷ ತಾನು ತಕ್ಕಷ್ಟು ಪ್ರಯತ್ನ ಮಾಡಲಿಲ್ಲವೆಂದು ಅರಸನು ಅಲ್ಲಿ ಒಪ್ಪಿಕೊಂಡಿದ್ದಾನೆ. ಸಂಘದ ಹತ್ತಿರ ಹೋದ ಮೇಲೆ ತನ್ನ ಪ್ರಯತ್ನ ಹೆಚ್ಚಿತು ಎನ್ನುತ್ತಾನೆ. ಇಂತಹ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ದೊರೆಯುತ್ತದೆ ಎಂದೂ ಸಾರುತ್ತಾನೆ.

ಕ್ರಿ.ಪೂ. 3ನೆಯ ಶತಮಾನದ ಒಬ್ಬ ಚಕ್ರವರ್ತಿಯು ತನ್ನ ಕೊರತೆಯನ್ನು ಬಂಡೆಯ ಮೇಲೆ, ಎಲ್ಲರೂ ಓದುವಂತೆ ಕೆತ್ತಿಸಿದ. ಇದರಲ್ಲಿ ಮೂರು ಪಾಠಗಳಿವೆ. ಕೊರತೆಯನ್ನು ಬಚ್ಚಿಡಬಾರದು. ತಿದ್ದಿಕೊಳ್ಳಲು ಸಂಘದ ಜೊತೆ ಬೇಕು. ಬೆಳೆಯುವ ಅವಕಾಶ ಎಲ್ಲರಿಗೂ ಇದೆ.

ಲಕ್ಕಮ್ಮನ ಪ್ರಶ್ನೆ

ಲಿಂಗಸುಗೂರು ತಾಲೂಕಿನ ಅಮರೇಶ್ವರವು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಊರೆಂದು ಪ್ರತೀತಿಯಿದೆ. ಹನ್ನೆರಡನೆಯ ಶತಮಾನದಲ್ಲಿ ಅವರು ಕಲ್ಯಾಣಕ್ಕೆ ಹೋಗಿ, ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ ಮಾಡುತ್ತಿದ್ದರು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ತಂದನಂತೆ. ಲಕ್ಕಮ್ಮ ಅದನ್ನು ಕಂಡು ಸುಮ್ಮನಾಗಲಿಲ್ಲ. ಅಗತ್ಯಕ್ಕಿಂತ ಹೆಚ್ಚಾದುದು ನಮಗೇಕೆ ಎಂದು ಪ್ರಶ್ನಿಸಿ, ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಹೇಳಿದಳು. ಮಾರಯ್ಯನು ಸಿಟ್ಟಾಗದೆ ಹಿಂತಿರುಗಿಸಿ ಬಂದನು.

ತಪ್ಪನ್ನು ಎತ್ತಿ ತೋರಿಸಿದವಳು ಜೊತೆಗಾರ್ತಿ. ಅವನನ್ನು ಕೆಳಗಿಳಿಸಬೇಕೆಂಬುದು ಅವಳ ಉದ್ದೇಶವಾಗಿರಲಿಲ್ಲ. ಇಬ್ಬರ ಕಾಯಕವೂ ಶುದ್ಧವಾಗಿರಬೇಕೆಂಬುದೇ ಅವಳ ಆಶಯ. ನಮ್ಮ ತಂಡಗಳಲ್ಲಿ ಲಕ್ಕಮ್ಮನಂತೆ ಕೇಳುವವರೂ ಬೇಕು, ಮಾರಯ್ಯನಂತೆ ಕೇಳಿಸಿಕೊಳ್ಳುವವರೂ ಬೇಕು.

ತಪ್ಪಿನಿಂದ ಹುಟ್ಟಿದ ತರಬೇತಿ

ಈಗ ಹತ್ತಿರದ ಕಾಲಕ್ಕೆ ಬರೋಣ. 1919ರಲ್ಲಿ ರೌಲಟ್ ಕಾಯಿದೆಯ ವಿರುದ್ಧ ಗಾಂಧೀಜಿ ಸತ್ಯಾಗ್ರಹಕ್ಕೆ ಕರೆ ನೀಡಿದರು. ಏಪ್ರಿಲ್ 6ರಂದು ದೇಶದಾದ್ಯಂತ ಹರತಾಳ ನಡೆಯಿತು. ಆದರೆ ಗಾಂಧೀಜಿಯವರನ್ನು ತಡೆದು ಬಂಧಿಸಿದ ಸುದ್ದಿ ಹರಡುತ್ತಲೇ ಅಹಮದಾಬಾದ್ ಮೊದಲಾದ ಕಡೆ ಜನ ಹಿಂಸೆಗೆ ಇಳಿದರು. ಗಾಂಧೀಜಿ ಜನರನ್ನು ದೂಷಿಸಿ ಕೈತೊಳೆದುಕೊಳ್ಳಲಿಲ್ಲ. ಶಿಸ್ತಿನ ತರಬೇತಿ ಇಲ್ಲದವರನ್ನು ಕಾನೂನು ಭಂಗಕ್ಕೆ ಕರೆದದ್ದು ತಮ್ಮದೇ ತಪ್ಪು, ಅದೂ ಹಿಮಾಲಯದಷ್ಟು ದೊಡ್ಡ ತಪ್ಪು ಎಂದು ನಡಿಯಾದ್ ಊರಿನ ಸಭೆಯಲ್ಲಿ ಒಪ್ಪಿಕೊಂಡರು. ಕೆಲವರು ನಕ್ಕರು. ಅವರು ಅದಕ್ಕೆ ನಾಚಲಿಲ್ಲ. ಸತ್ಯಾಗ್ರಹವನ್ನು ನಿಲ್ಲಿಸಿ, ಮೊದಲು ಸ್ವಯಂಸೇವಕರನ್ನು ಸಿದ್ಧಪಡಿಸುವ ಕೆಲಸಕ್ಕೆ ತೊಡಗಿದರು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ತಪ್ಪಾಯಿತು ಎಂದಷ್ಟೇ ಹೇಳಿದ್ದರೆ ಅದು ಕ್ಷಮೆ ಯಾಚನೆಯಾಗುತ್ತಿತ್ತು. ತಪ್ಪಿನ ಕಾರಣವನ್ನು ಹುಡುಕಿದ್ದರಿಂದ ಅದು ಪಾಠವಾಯಿತು. ತರಬೇತಿಯ ಕೊರತೆಯೇ ಆ ಕಾರಣ.

ಈ ಕೊರತೆಯನ್ನು ತುಂಬಲು ದುಡಿದವರಲ್ಲಿ ನಮ್ಮ ನಾಡಿನ ಡಾ. ನಾ.ಸು. ಹರ್ಡೀಕರ್ ಪ್ರಮುಖರು. ವೈದ್ಯ ಶಿಕ್ಷಣ ಪಡೆದಿದ್ದ ಅವರು ಹುಬ್ಬಳ್ಳಿಯಲ್ಲಿ ಯುವಕರ ಸೇವಾ ಸಂಘಟನೆ ಕಟ್ಟಿದರು. 1923ರ ಕಾಕಿನಾಡ ಕಾಂಗ್ರೆಸ್ ಅಧಿವೇಶನದ ಕಾಲಕ್ಕೆ ಹಿಂದೂಸ್ತಾನಿ ಸೇವಾದಳ ರೂಪುಗೊಂಡಿತು. 1924ರ ಡಿಸೆಂಬರ್‌ನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನದಲ್ಲಿ ಸೇವಾದಳದ ಸ್ವಯಂಸೇವಕರು ದುಡಿದರು. ನಮ್ಮ ಶಾಲೆಗಳ ಭಾರತ ಸೇವಾದಳ ಈ ಪರಂಪರೆಯದೇ.

ಗಾಂಧೀ ಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಆಗ 37 ವಿಶ್ವವಿದ್ಯಾಲಯಗಳ ಸುಮಾರು 40,000 ವಿದ್ಯಾರ್ಥಿಗಳು ಸೇರಿದರು. ‘ನನಗಲ್ಲ, ನಿನಗೆ’ ಎಂಬುದು ಅದರ ಧ್ಯೇಯವಾಕ್ಯ. ಸ್ವಯಂಸೇವಕನೊಬ್ಬ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು. ಏಳು ದಿನಗಳ ವಿಶೇಷ ಶಿಬಿರದಲ್ಲೂ ಪಾಲ್ಗೊಳ್ಳಬೇಕು.

ಒಂದು ಶಿಬಿರದ ಉದಾಹರಣೆ

ಅಂತಹ ಒಂದು ಶಿಬಿರವನ್ನು ಕಲ್ಪಿಸಿಕೊಳ್ಳಿ. ಸಿಂಧನೂರು ಸೀಮೆಯ ಒಂದು ಹಳ್ಳಿ. ಜನವರಿ ತಿಂಗಳು. ವಿದ್ಯಾರ್ಥಿಗಳು ಏಳು ದಿನ ದುಡಿದು ರಸ್ತೆ ಬದಿಗೆ ನೂರು ಹೊಂಗೆ, ಬೇವಿನ ಸಸಿಗಳನ್ನು ನೆಟ್ಟರು. ಸಮಾರೋಪ ಸಮಾರಂಭ ಚೆನ್ನಾಗಿ ನಡೆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಏಪ್ರಿಲ್‌ನಲ್ಲಿ ಹೋಗಿ ನೋಡಿದರೆ ಉಳಿದದ್ದು ಹತ್ತೋ ಹನ್ನೆರಡೋ.

ಈಗ ದೂರು ಶುರುವಾಗುತ್ತದೆ. ನೀರು ಹಾಕಲು ಹೇಳಿದ್ದೆ ಎಂದು ನಾಯಕ ಹೇಳುತ್ತಾನೆ. ಯಾರಿಗೆ ಹೇಳಿದ್ದು ಎಂದು ತಂಡದವರು ಕೇಳುತ್ತಾರೆ. ಊರಿನವರು ನೋಡಿಕೊಳ್ಳಬೇಕಿತ್ತು ಎಂದು ಇನ್ನೊಬ್ಬರ ಮಾತು. ನಮ್ಮನ್ನು ಯಾರು ಕೇಳಿದ್ದರು ಎಂದು ಊರಿನವರ ಉತ್ತರ. ಕೊನೆಗೆ ಹಿಂದಿನ ಬೆಂಚಿನ ಒಬ್ಬ ಹುಡುಗಿ ಮೆಲ್ಲಗೆ ಹೇಳುತ್ತಾಳೆ: “ಆ ದಾರಿಗೆ ದಿನಾ ಆಡು ಬರ್ತಾವಣ್ಣ. ನಂಗ ಮೊದಲೇ ಗೊತ್ತಿತ್ತು.”

“ಮತ್ತ ಯಾಕ ಹೇಳಲಿಲ್ಲವಾ?”

“ಎಲ್ಲಾ ಠರಾವು ಆಗಿತ್ತಲ್ಲಣ್ಣ. ಯಾರೂ ಕೇಳಲಿಲ್ಲ.”

ಈ ಸಂಭಾಷಣೆಯಲ್ಲಿ ಇಡೀ ವಿಷಯ ಅಡಗಿದೆ. ಸಸಿಗಳು ಸತ್ತದ್ದು ಬಿಸಿಲಿನಿಂದ ಮಾತ್ರವಲ್ಲ. ನೀರಿನ ಹೊಣೆ ಯಾರದೆಂದು ಬರೆದಿಡಲಿಲ್ಲ. ಊರಿನವರ ಜೊತೆ ಮಾತಾಡಲಿಲ್ಲ. ಬೇಸಿಗೆಗೆ ಮುಂಚೆ ಸಸಿ ನೆಡುವುದು ಸರಿಯೇ ಎಂದು ಯೋಚಿಸಲಿಲ್ಲ. ಇವೆಲ್ಲಕ್ಕಿಂತ ಹೆಚ್ಚಾಗಿ, ತಿಳಿದವಳೊಬ್ಬಳು ತಂಡದಲ್ಲೇ ಇದ್ದಳು. ಅವಳಿಗೆ ಬಾಯಿ ತೆರೆಯುವ ಧೈರ್ಯವಿರಲಿಲ್ಲ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಎಷ್ಟೋ ವಿದ್ಯಾರ್ಥಿಗಳ ಸ್ಥಿತಿ ಇದೇ. ತಪ್ಪಾಗಿ ಮಾತಾಡಿದರೆ ನಗುತ್ತಾರೆಂಬ ಅಳುಕು ಅವರನ್ನು ಸುಮ್ಮನಾಗಿಸುತ್ತದೆ. ಅವರ ಮೌನದಿಂದ ನಷ್ಟವಾಗುವುದು ಇಡೀ ತಂಡಕ್ಕೆ.

ಕಾಲುವೆಯ ಮೇಲ್ಭಾಗ, ಕೊನೆಯ ಭಾಗ

ಎಡದಂಡೆ ಕಾಲುವೆಯ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲ್ಭಾಗದವರು ಯೋಜನೆಯ ಲೆಕ್ಕವನ್ನು ಮೀರಿ ಭತ್ತ ಬೆಳೆದರೆ ಕೊನೆಯ ಭಾಗದ ಹೊಲಕ್ಕೆ ನೀರು ಮುಟ್ಟುವುದಿಲ್ಲ. ತಂಡದಲ್ಲಿಯೂ ಹಾಗೆಯೇ. ಮಾತು, ಮಾಹಿತಿ, ಅವಕಾಶ ಇವೆಲ್ಲ ಮುಂದಿನ ಸಾಲಿನ ನಾಲ್ವರಲ್ಲೇ ಮುಗಿದುಹೋದರೆ ಹಿಂದಿನ ಸಾಲು ಒಣಗುತ್ತದೆ. ನೀರಿಗೆ ವಾರಾಬಂದಿ ಇರುವಂತೆ ಹೊಣೆಗಾರಿಕೆಗೂ ಸರದಿ ಇರಬೇಕು. ಇಂದು ವರದಿ ಬರೆದವರು ನಾಳೆ ಸಭೆ ನಡೆಸಲಿ. ಅಡುಗೆ ಉಸ್ತುವಾರಿಯವರು ಲೆಕ್ಕಪತ್ರ ನೋಡಲಿ. ಸ್ಕೌಟ್ ಚಳವಳಿಗೆ ನಾಂದಿಯಾದ 1907ರ ಬ್ರೌನ್‌ಸೀ ದ್ವೀಪದ ಶಿಬಿರದಲ್ಲಿ ಬೇಡನ್ ಪೊವೆಲ್ ಅವರು ಹುಡುಗರನ್ನು ಸಣ್ಣ ಸಣ್ಣ ತಂಡಗಳಾಗಿ ಮಾಡಿ, ಪ್ರತಿ ತಂಡಕ್ಕೂ ಅವರಲ್ಲೇ ಒಬ್ಬನನ್ನು ನಾಯಕನನ್ನಾಗಿ ಮಾಡಿದ್ದು ಹೊಣೆ ಹೊತ್ತೇ ಹೊಣೆಗಾರಿಕೆ ಕಲಿಯಲೆಂದು.

ನಾಲ್ಕು ಪ್ರಶ್ನೆಗಳು

ಕೆಲಸ ಮುಗಿದ ಮೇಲೆ ಎಲ್ಲರೂ ಕುಳಿತು ಪರಿಶೀಲಿಸುವ ಒಂದು ಸರಳ ಪದ್ಧತಿಯಿದೆ. 1970ರ ದಶಕದಲ್ಲಿ ಅಮೆರಿಕದ ಸೇನೆಯ ತರಬೇತಿಯಲ್ಲಿ ಬೆಳೆದ ಈ ಪದ್ಧತಿ ಮುಂದೆ ಆಸ್ಪತ್ರೆ, ಕಾರ್ಖಾನೆಗಳಿಗೂ ಹರಡಿತು. ಅದರಲ್ಲಿ ನಾಲ್ಕು ಪ್ರಶ್ನೆಗಳಿವೆ:

1. ಏನು ಆಗಬೇಕೆಂದು ಎಣಿಸಿದ್ದೆವು?
2. ನಿಜವಾಗಿ ಏನಾಯಿತು?
3. ಹಾಗೇಕಾಯಿತು?
4. ಮುಂದಿನ ಸಲ ಏನು ಉಳಿಸಿಕೊಳ್ಳಬೇಕು, ಏನು ಬದಲಿಸಬೇಕು?

ಈ ಪ್ರಶ್ನೆಗಳಲ್ಲಿ ‘ಯಾರು ತಪ್ಪು ಮಾಡಿದರು’ ಎಂಬುದಿಲ್ಲ. ಯಾರು ಎಂದು ಕೇಳಿದೊಡನೆ ಎಲ್ಲರೂ ತಮ್ಮ ರಕ್ಷಣೆಗೆ ನಿಲ್ಲುತ್ತಾರೆ; ಏಕೆ ಎಂದು ಕೇಳಿದರೆ ಯೋಚನೆಗೆ ಕೂರುತ್ತಾರೆ.

ಈ ಸಭೆ ಫಲ ಕೊಡಬೇಕಾದರೆ ಕೆಲವು ನಿಯಮಗಳನ್ನು ಪಾಲಿಸಬೇಕು. ಮೊದಲನೆಯದಾಗಿ, ನಾಯಕನು ತನ್ನ ಕಡೆಯ ಕೊರತೆಯನ್ನು ತಾನೇ ಮೊದಲು ಹೇಳಬೇಕು. ಆಗ ಉಳಿದವರ ಅಳುಕು ಕಡಿಮೆಯಾಗುತ್ತದೆ. ಎರಡನೆಯದಾಗಿ, ಕಿರಿಯರಿಗೆ ಮೊದಲು ಮಾತಿನ ಅವಕಾಶ ಕೊಡಬೇಕು. ಹಿರಿಯರು ಅಭಿಪ್ರಾಯ ಹೇಳಿಬಿಟ್ಟರೆ ಕಿರಿಯರು ಹೌದೆನ್ನುವುದೇ ಹೆಚ್ಚು. ಮೂರನೆಯದಾಗಿ, ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಬರೆಯಬೇಕು. ಪ್ರತಿ ನಿರ್ಣಯದ ಎದುರಿಗೆ ಒಬ್ಬರ ಹೆಸರು, ಒಂದು ದಿನಾಂಕ ಇರಬೇಕು. ಮುಂದಿನ ಸಭೆ ಆ ಪುಟವನ್ನು ಓದುವುದರಿಂದಲೇ ಆರಂಭವಾಗಬೇಕು.

ಬೇಗ ಸೇರುವುದೂ ಮುಖ್ಯ. ಬೀಜದ ಬೆಳೆ ಬೆಳೆಯುವ ರೈತರನ್ನು ಕೇಳಿ ನೋಡಿ. ಹೊಲದಲ್ಲಿ ಬೇರೆ ತಳಿಯ ಗಿಡ ಕಂಡರೆ ಹೂ ಬಿಡುವ ಮುನ್ನವೇ ಕಿತ್ತು ಹಾಕುತ್ತಾರೆ. ತಡವಾದರೆ ಪರಾಗ ಬೆರೆತು ಇಡೀ ಬೀಜ ಕಲಬೆರಕೆಯಾಗುವ ಭಯ. ತಪ್ಪು ಕೂಡ ಹಾಗೆಯೇ. ಅಂದೇ ಮಾತಾಡಿದರೆ ಅದು ಬರಿಯ ತಪ್ಪು. ತಿಂಗಳು ಬಿಟ್ಟರೆ ಮನಸ್ತಾಪ.

ಎಲ್ಲ ತಪ್ಪೂ ಒಂದೇ ಅಲ್ಲ

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ತಿಳಿಯದೆ ಆದ ತಪ್ಪಿಗೆ ತಿಳಿವಳಿಕೆ ಬೇಕು. ಅಜಾಗ್ರತೆಯಿಂದ ಆದ ತಪ್ಪಿಗೆ ಎಚ್ಚರ ಬೇಕು. ಶಿಬಿರದ ಹಣವನ್ನು ಮುಚ್ಚಿಡುವುದು, ಸಂಗಾತಿಯನ್ನು ಜಾತಿ ಹಿಡಿದು ಹೀಯಾಳಿಸುವುದು ಇವುಗಳನ್ನು ‘ಕಲಿಕೆಯ ತಪ್ಪು’ ಎಂದು ತೇಲಿಸಿಬಿಡುವಂತಿಲ್ಲ. ಅವು ಅನ್ಯಾಯಗಳು. ಅಂಥದ್ದನ್ನು ಅಧ್ಯಾಪಕರ ಗಮನಕ್ಕೆ ತರುವುದೇ ಸರಿ. ಅದು ಚಾಡಿ ಹೇಳಿದಂತಲ್ಲ.

ಹಾಗೆಯೇ, ಅದೇ ತಪ್ಪು ಮೂರನೆಯ ಸಲವೂ ಆದರೆ ನಾವು ಕಲಿತಿಲ್ಲವೆಂದೇ ಅರ್ಥ. ಕ್ಷಮೆ ಕೇಳುವುದು ಸುಲಭ. ಅಭ್ಯಾಸ ಬದಲಿಸುವುದು ಕಷ್ಟ.

ಸಸಿಗಳ ಕಥೆಗೆ ಮರಳೋಣ. ಆ ತಂಡವು ಜೂನ್‌ನಲ್ಲಿ ಮಳೆ ಬಿದ್ದ ಮೇಲೆ ಮತ್ತೆ ಹೋಗಲಿ. ಈ ಸಲ ನೂರರ ಬದಲು ಮೂವತ್ತೇ ಸಸಿ ನೆಡಲಿ. ಜಾಗ ತೋರಿಸುವವಳು ಆ ಹುಡುಗಿಯೇ ಆಗಲಿ. ಮುಳ್ಳಿನ ಬೇಲಿ ಕಟ್ಟಲು ಊರಿನವರನ್ನೂ ಕರೆಯಲಿ. ಪ್ರತಿ ಸಸಿಗೆ ಒಂದು ಮನೆಯವರು ಹೊಣೆ ಹೊರಲಿ. ಮುಂದಿನ ಏಪ್ರಿಲ್‌ನಲ್ಲಿ ಇಪ್ಪತ್ತು ಸಸಿ ಉಳಿದರೂ ಸಾಕು, ತಂಡದ ಎಲ್ಲರೂ ಒಂದು ಗೇಣು ಬೆಳೆದಂತೆ.

ಮಸ್ಕಿಯ ಬಂಡೆಯನ್ನು ಸಾಧ್ಯವಾದರೆ ಒಮ್ಮೆ ನೋಡಿ ಬನ್ನಿ. ಅಷ್ಟು ದೊಡ್ಡ ಅರಸನೇ ತನ್ನ ಕೊರತೆಯನ್ನು ಕಲ್ಲಿನ ಮೇಲೆ ಬರೆಸಿದ. ನಾವು ನಡಾವಳಿ ಪುಸ್ತಕದ ಒಂದು ಪುಟದಲ್ಲಿ ಬರೆಯಲು ಹಿಂಜರಿಯಬೇಕಾಗಿಲ್ಲ.

ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ಶಾಲಾ ಸಂಸತ್ತು ಅಥವಾ ಸೇವಾ ಘಟಕ ಕಳೆದ ವರ್ಷ ಕೈಗೊಂಡ ಒಂದು ಕೆಲಸವನ್ನು ನಾಲ್ಕು ಪ್ರಶ್ನೆಗಳ ಮೂಲಕ ಪರಿಶೀಲಿಸಿರಿ.
2. ನಿಮ್ಮ ತಂಡದಲ್ಲಿ ಅತಿ ಕಡಿಮೆ ಮಾತಾಡುವವರು ಯಾರು? ಅವರು ಮಾತಾಡಲು ಏನು ಮಾಡಬಹುದು?
3. ಗಾಂಧೀಜಿ 1919ರಲ್ಲಿ ತಪ್ಪೊಪ್ಪಿಕೊಂಡದ್ದು ಅವರ ನಾಯಕತ್ವವನ್ನು ಬಲಪಡಿಸಿತೇ, ದುರ್ಬಲಗೊಳಿಸಿತೇ? ಕಾರಣ ಕೊಡಿರಿ.