ಮೊದಲು ಆಟ, ಆಮೇಲೆ ಊಟ

ಶಾಲೆಯ ಕಸದ ಬುಟ್ಟಿಗೆ ಅಷ್ಟೊಂದು ತರಕಾರಿ ಬೀಳೋದು ಯಾಕೆ?
ರುಚಿ ಇಲ್ಲ ಅಂತಲಾ?
ಇರಬಹುದು. ಆದರೆ ಗಡಿಯಾರದ್ದೂ ತಪ್ಪಿದೆ!

ಅಮೆರಿಕದ ಯೂಟಾ ರಾಜ್ಯ, ಓರೆಮ್ ಪಟ್ಟಣ.
ಅಲ್ಲಿನ 7 ಪ್ರಾಥಮಿಕ ಶಾಲೆಗಳಲ್ಲಿ
ಸಂಶೋಧಕರು ಮಕ್ಕಳ ತಟ್ಟೆಗಳನ್ನೇ ನೋಡುತ್ತಾ ನಿಂತರು.
ತಿಂದದ್ದೆಷ್ಟು, ಚೆಲ್ಲಿದ್ದೆಷ್ಟು, ಎಲ್ಲಾ ಲೆಕ್ಕ.

ಮೊದಲು ಊಟ, ಆಮೇಲೆ ಆಟ. ಇದು ಹಳೇ ಪದ್ಧತಿ.
ಆಗ ಮಗು ಹೇಗೆ ತಿನ್ನುತ್ತೆ ಗೊತ್ತಾ?
ರೈಲು ಹೊರಡೋ ಮುಂಚೆ ಪ್ಲಾಟ್‌ಫಾರ್ಮಿನಲ್ಲಿ ಇಡ್ಲಿ ನುಂಗೋ ಪ್ರಯಾಣಿಕನ ಹಾಗೆ.
ಕೈ ತಟ್ಟೆಯಲ್ಲಿ, ಕಣ್ಣು ಹೊರಗೆ.
ಇಷ್ಟವಾದದ್ದು ಹೊಟ್ಟೆಗೆ, ಕ್ಯಾರೆಟ್ಟು ಬುಟ್ಟಿಗೆ.

3 ಶಾಲೆಗಳು ಈ ಕ್ರಮ ತಿರುಗಿಸಿದವು.
ಮಕ್ಕಳು ಆಡಿ, ದಣಿದು, ಹಸಿದು ಬಂದರು.
ಹಣ್ಣು-ತರಕಾರಿ ತಿನ್ನೋದು ಶೇಕಡಾ 54ರಷ್ಟು ಹೆಚ್ಚಾಯ್ತು!
ಈ ಅಧ್ಯಯನ ಪ್ರಕಟವಾದದ್ದು 2015ರಲ್ಲಿ.

ಹಾಗಂತ ಇದು ಸಲೀಸಲ್ಲ.
ವೇಳಾಪಟ್ಟಿ ಹೆಡ್‌ಮಾಸ್ಟರ ಕೈಲಿ.
ಒಲೆ ಅಡುಗೆಯವರ ಕೈಲಿ.
ಆಡಿ ಬಂದವರ ಕೈ ತೊಳೆಸೋದು ಟೀಚರ್ ಪಾಲಿಗೆ.
ಮೂವರೂ ಒಟ್ಟಿಗೆ ಕೂತು ಮಾತಾಡಬೇಕು. ನಿಜವಾದ ಕಷ್ಟ ಅಲ್ಲೇ ಇರೋದು.

ಅಮೆರಿಕದ ಹಲವು ಶಾಲೆಗಳಲ್ಲಿ ಇನ್ನೊಂದು ಉಪಾಯವಿದೆ: ಹಂಚಿಕೆ ಮೇಜು.
ಬೇಡವಾದ ಇಡೀ ಹಣ್ಣು, ಒಡೆಯದ ಹಾಲಿನ ಪೊಟ್ಟಣ ಅಲ್ಲಿಡಬೇಕು.
ಹಸಿವಿರೋ ಮಗು ಎತ್ತಿಕೊಳ್ಳುತ್ತೆ.

ಇನ್ನು ಊಟ ಪೋಲಾಗದಂತೆ ಕೈಜೋಡಿಸಬೇಕು ಅನ್ನೋ ಕಾಲೇಜು ಹುಡುಗ-ಹುಡುಗಿಯರಿಗೆ?
2014ರಲ್ಲಿ ದೆಹಲಿಯಲ್ಲಿ ಶುರುವಾದ ರಾಬಿನ್ ಹುಡ್ ಆರ್ಮಿ ಇದೆ.
ಹೋಟೆಲುಗಳಲ್ಲಿ ಮಿಕ್ಕ ಒಳ್ಳೇ ಊಟವನ್ನ ಹಸಿದವರಿಗೆ ಮುಟ್ಟಿಸೋ ಸ್ವಯಂಸೇವಕರ ಪಡೆ.
ದೇಣಿಗೆ ದುಡ್ಡು ಮುಟ್ಟಲ್ಲ, ಸಮಯ ಮಾತ್ರ ಕೇಳ್ತಾರೆ.
ಬೆಂಗಳೂರಲ್ಲೂ ಇದ್ದಾರೆ.

ನಿಮ್ಮೂರ ಶಾಲೆಯಲ್ಲಿ ಶುರು ಮಾಡೋಕೆ ಒಂದು ತಕ್ಕಡಿ ಸಾಕು.
ಒಂದು ವಾರ, ಚೆಲ್ಲಿದ ಅನ್ನವನ್ನ ಮಕ್ಕಳ ಕೈಲೇ ತೂಗಿಸಿ.
ಬಂದ ಲೆಕ್ಕವನ್ನ ಬೋರ್ಡ್ ಮೇಲೆ ಬರೆಸಿ.