ಪಕ್ಕದಲ್ಲೊಬ್ಬರು ಬೇಕಾದ ಮಾತ್ರೆ

ಮೆಕ್ಸಿಕೊದ ಒಹಾಕಾ ಸೀಮೆಯ ಗುಡ್ಡಗಾಡಿನ ಊರು ಹುವಾಟ್ಲ. ಅಲ್ಲಿ ಮಸಾಟೆಕ್ ಸಮುದಾಯದ ಮರಿಯಾ ಸಬಿನಾ ಕಾಯಿಲೆಯವರನ್ನು ನೋಡುತ್ತಿದ್ದುದು ರಾತ್ರಿ ಹೊತ್ತು. ಒಂದು ಜಾತಿಯ ಅಣಬೆ ತಿಂದು, ತಿನ್ನಿಸಿ, ಹಾಡುತ್ತ ಬೆಳಗು ಮಾಡುತ್ತಿದ್ದರು. 1955ರಲ್ಲಿ ಅಮೆರಿಕದ ಬ್ಯಾಂಕರ್ ಗಾರ್ಡನ್ ವಾಸನ್ ಈ ಆಚರಣೆಯಲ್ಲಿ ಕುಳಿತರು; 1957ರಲ್ಲಿ ‘ಲೈಫ್’ ಪತ್ರಿಕೆಗೆ ಬರೆದರು. ಹೊರಗಿನವರು ಹುವಾಟ್ಲಕ್ಕೆ ಮುಗಿಬಿದ್ದರು, ಪೊಲೀಸರೂ ಬಂದರು. ಸಬಿನಾ ಅವರ ಮನೆಗೆ ಬೆಂಕಿ ಬಿತ್ತು.

ಅತ್ತ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ, ಸ್ಯಾಂಡೋಜ್ ಕಂಪನಿಯ ರಸಾಯನವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ 1958ರಲ್ಲಿ ಅದೇ ಅಣಬೆಯ ಸತ್ವವನ್ನು ಬೇರ್ಪಡಿಸಿದರು. ಅದು ಸೈಲೊಸಿಬಿನ್.

ದೇಹದೊಳಗೆ ಹೋದ ಸೈಲೊಸಿಬಿನ್ ತನ್ನ ಫಾಸ್ಫೇಟ್ ಕಳಚಿಕೊಂಡು ಸೈಲೊಸಿನ್ ಆಗುತ್ತದೆ. ಕೆಲಸ ಮಾಡುವುದು ಇದೇ. ರಚನೆಯಲ್ಲಿ ಇದು ನಮ್ಮ ಮೆದುಳಿನಲ್ಲೇ ಇರುವ ಸೆರೊಟೋನಿನ್‌ನ ದಾಯಾದಿ. ಹಾಗಾಗಿ ಸೆರೊಟೋನಿನ್‌ಗೆ ಮೀಸಲಾದ 5-ಎಚ್‌ಟಿ2ಎ ಎಂಬ ಗ್ರಾಹಕಗಳನ್ನು ಹಿಡಿದುಕೊಳ್ಳುತ್ತದೆ. 1998ರಲ್ಲಿ ಜ್ಯೂರಿಕ್‌ನ ಸಂಶೋಧಕರು ಕೆಟಾನ್ಸೆರಿನ್ ಎಂಬ ಔಷಧ ಕೊಟ್ಟು ಆ ಗ್ರಾಹಕಗಳನ್ನು ಮೊದಲೇ ಮುಚ್ಚಿದಾಗ ಭ್ರಮೆಯ ಅನುಭವ ಮೂಡಲಿಲ್ಲ. ಅಮಲು ನಾಲ್ಕಾರು ಗಂಟೆಯಲ್ಲಿ ಇಳಿಯುತ್ತದೆ. ಆದರೆ ಮನಸ್ಸಿನ ಮೇಲಿನ ಪರಿಣಾಮ ವಾರಗಟ್ಟಲೆ ಉಳಿಯುವುದೇಕೆ? ಇಲಿಗಳ ನರಕೋಶಗಳಲ್ಲಿ ಹೊಸ ಸಂಪರ್ಕದ ಮೊಗ್ಗುಗಳು ಕಂಡಿರುವುದು ಒಂದು ಸುಳಿವು.

ಇಂಥ ವಸ್ತುಗಳನ್ನು ನಿರ್ಬಂಧಿಸಿದ 1971ರ ವಿಶ್ವಸಂಸ್ಥೆಯ ಒಪ್ಪಂದದ ನಂತರ ಸಂಶೋಧನೆ ದಶಕಗಟ್ಟಲೆ ಬಹುತೇಕ ನಿಂತಿತು. 2016ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯವು ಸಾವಿನ ಭಯದಲ್ಲಿದ್ದ 51 ಕ್ಯಾನ್ಸರ್ ರೋಗಿಗಳ ಮೇಲಿನ ಪ್ರಯೋಗದ ಫಲ ಪ್ರಕಟಿಸಿತು. ಆರು ತಿಂಗಳ ನಂತರವೂ ಸುಮಾರು ಶೇ 80ರಷ್ಟು ಮಂದಿಯಲ್ಲಿ ಖಿನ್ನತೆ, ಆತಂಕ ಗಣನೀಯವಾಗಿ ತಗ್ಗಿತ್ತು.

ಆದರೆ 2022ರ ದೊಡ್ಡ ಪ್ರಯೋಗ ಉತ್ಸಾಹಕ್ಕೆ ಲಗಾಮು ಹಾಕಿತು. ಬೇರೆ ಔಷಧಗಳಿಗೆ ಬಗ್ಗದ ಖಿನ್ನತೆಯ 233 ಮಂದಿ ಅದರಲ್ಲಿದ್ದರು. ಮೂರು ವಾರಕ್ಕೆ, 25 ಮಿಲಿಗ್ರಾಂ ಪಡೆದವರ ಖಿನ್ನತೆಯ ಅಂಕ ಸರಾಸರಿ 12 ಇಳಿದರೆ, ನಾಮಮಾತ್ರದ 1 ಮಿಲಿಗ್ರಾಂ ಪಡೆದವರದು 5.4 ಇಳಿಯಿತು. ಹನ್ನೆರಡು ವಾರಕ್ಕೂ ಸುಧಾರಣೆ ನಿಂತದ್ದು ಹೆಚ್ಚು ಪ್ರಮಾಣ ಪಡೆದ ಐವರಲ್ಲಿ ಒಬ್ಬರಿಗೆ.

ಇನ್ನೊಂದು ತೊಡಕಿದೆ. ತಮಗೆ ಸಿಕ್ಕಿದ್ದು ನಿಜವಾದ ಔಷಧವೋ ಅಲ್ಲವೋ ಎಂಬುದು ರೋಗಿಗಳಿಗೆ ಬೇಗನೆ ಗೊತ್ತಾಗಿಬಿಡುತ್ತದೆ. ಸಾಲದ್ದಕ್ಕೆ, ಕಣ್ಣಿಗೆ ಪಟ್ಟಿ ಕಟ್ಟಿ ಸಂಗೀತ ಕೇಳುತ್ತ ಮಲಗಿದವರ ಪಕ್ಕದಲ್ಲಿ ತರಬೇತಾದ ಚಿಕಿತ್ಸಕರು ಗಂಟೆಗಟ್ಟಲೆ ಕೂತಿರುತ್ತಾರೆ. ಗುಣ ಮಾತ್ರೆಯದೆಷ್ಟು, ಜೊತೆಗಿದ್ದವರದೆಷ್ಟು ಎಂದು ಬಿಡಿಸುವುದು ಸುಲಭವಲ್ಲ. ಚಿಕಿತ್ಸೆ ದುಬಾರಿಯಾಗುವುದೂ ಈ ಕಾವಲಿನಿಂದಲೇ.

ಸ್ಕಿಜೊಫ್ರೇನಿಯಾ ಇರುವವರನ್ನು ಪ್ರಯೋಗಗಳಿಂದ ದೂರವಿಡುತ್ತಾರೆ. ಆಸ್ಟ್ರೇಲಿಯಾ 2023ರ ಜುಲೈನಿಂದ ಅಧಿಕೃತ ಮನೋವೈದ್ಯರಿಗಷ್ಟೇ ಸೈಲೊಸಿಬಿನ್ ಬರೆದುಕೊಡಲು ಅನುಮತಿ ನೀಡಿದೆ. ಭಾರತದಲ್ಲಿ ಇದು 1985ರ ಮಾದಕವಸ್ತು ಕಾಯ್ದೆಯ ನಿಷೇಧದಲ್ಲಿದೆ. ಕಾಡಿನ ಅಣಬೆ ಕಿತ್ತು ತಿನ್ನುವ ಪ್ರಯೋಗಕ್ಕಂತೂ ಕೈಹಾಕುವಂತಿಲ್ಲ: ಅದರಲ್ಲಿ ಸತ್ವ ಎಷ್ಟಿದೆಯೆಂದು ನೋಡಿ ಹೇಳಲಾಗದು, ವಿಷದ ಅಣಬೆಗಳೂ ಹಾಗೆಯೇ ಕಾಣುತ್ತವೆ.